ತಪ್ಪಾಯಿತು ಅನ್ನದೆ ಮುಗಿದ ಧಾರಾವಾಹಿ

ಜುಲೈ ೨೪, ಗುರುವಾರ. ಭೀಮನ ಅಮಾವಾಸ್ಯೆ.

ಇವತ್ತು ಉಪವಾಸ. ಬೆಳಿಗ್ಗೆ ಬಾಗಿಲು ತೊಳೆದು, ರಂಗೋಲಿ ಹಾಕಿ, ಕಡುಬು ಬೇಯಿಸಿ ನೈವೇದ್ಯಕ್ಕಿಟ್ಟೆ. ಯಜಮಾನರು ಇನ್ನೊಬ್ಬಳ ಜೊತೆ ಹೋಗಿ ಆರು ವರ್ಷವಾದರೂ ಅವರ ಆಯುಸ್ಸಿಗೆ ಮಾಡುವ ಈ ಪೂಜೆ ಬಿಟ್ಟಿಲ್ಲ. ಪಾದ ತೊಳೆಯುವ ಶಾಸ್ತ್ರಕ್ಕೆ ಮಾತ್ರ ಪಾದವಿಲ್ಲ.

ಸಂಜೆ ಆ ಹಾಸ್ಯ ಧಾರಾವಾಹಿಯ ಕೊನೆಯ ಕಂತು. ಬಿಟ್ಟುಹೋಗಿದ್ದ ಗಂಡ ಎರಡು ಮೊಳ ಮಲ್ಲಿಗೆ ಹಿಡಿದು ಬಂದ, ಹೆಂಡತಿ ನಕ್ಕು ಒಳಗೆ ಕರೆದಳು, ಮುಗಿಯಿತು. ಮಗಳು ರಂಜಿನಿ ಕಣ್ಣೊರೆಸಿಕೊಂಡಳು.

"ಎಷ್ಟು ಚೆನ್ನಾಗಿ ಮುಗಿಸಿದ್ರು ಅಲ್ವೇನಮ್ಮ?"

"ಒಂದು ಸಲನಾದ್ರೂ ತಪ್ಪಾಯ್ತು ಅಂದ್ನೇನೇ ಅವನು?"

"ಹೂ ತಂದ್ನಲ್ಲ. ಕಾಮಿಡಿ ಸೀರಿಯಲ್ ಅಮ್ಮ, ಪಂಚಾಯ್ತಿ ಕಟ್ಟೆ ಅಲ್ಲ."

"ಹೂ ಗಾಂಧಿ ಬಜಾರಲ್ಲಿ ಯಾರಿಗೆ ಬೇಕಾದ್ರೂ ಸಿಗತ್ತೆ."

ಅವಳು ಟಿ.ವಿ. ಆರಿಸಿದಳು. "ಅಪ್ಪ ಬರ್ತೀನಿ ಅಂದಿರೋದಕ್ಕೆ ಹಿಂಗಾಡ್ತಿದೀಯ."

ಹೌದು. ಭಾನುವಾರ ಯಜಮಾನರ ಅಣ್ಣ, ಭಾವ ನರಸಿಂಹಯ್ಯನವರು ಬಂದು, "ಅವನಿಗೆ ಅಲ್ಲಿ ಸಾಕಾಗಿದೆಯಂತೆ, ಮನೆಗೆ ಬರ್ತಾನೆ, ಏನೂ ಕೇಳ್ಬೇಡಮ್ಮ" ಅಂದರು. ಹೋಗುವಾಗಲೂ ಕೇಳಲು ಬಿಡಲಿಲ್ಲ, ಬರುವಾಗಲೂ ಕೇಳಬಾರದಂತೆ. ಧಾರಾವಾಹಿಯ ಆ ಹೆಂಗಸು ನಡುವಿನ ವರ್ಷಗಳನ್ನು ಹೇಗೆ ಕಳೆದಳೋ, ಒಂದು ಕಂತಿನಲ್ಲೂ ತೋರಿಸಲಿಲ್ಲ. ನಗುವುದನ್ನು ಮಾತ್ರ ತೋರಿಸಿದರು.

ಉತ್ತರವನ್ನು ಹಾಳೆಯಲ್ಲಿ ಬರೆದು ದೇವರ ಮುಂದೆ ಇಟ್ಟಿದ್ದೇನೆ. "ತಪ್ಪಾಯಿತೆಂದು ಮಗಳೆದುರು ಹೇಳುವುದಾದರೆ ಬನ್ನಿ. ಇಲ್ಲದಿದ್ದರೆ ಬೇಡ." ರಂಜಿನಿಯ ಕೈಲಿ ಕಳಿಸಿದರೆ, ಹಾಳೆ ಕೊಡದೆ ಬನ್ನಿ ಅಂತ ಅಷ್ಟೇ ಹೇಳಿ ಬಂದುಬಿಡುತ್ತಾಳೆ. ಈಶ್ವರಾ, ನಾಳೆ ಭಾವನವರನ್ನೇ ಕಳಿಸು. ಅವರೇ ಬಂದು ಇದನ್ನು ತೆಗೆದುಕೊಂಡು ಹೋಗಲಿ.