ಮಾಸ್ಟ್ರು ಬಿಟ್ಟ ಖಾಲಿ ಜಾಗಗಳು

ಮಾಸ್ಟ್ರೇ,

ನಮಸ್ಕಾರ, ಕುಶಲ ಎಲ್ಲ ಆಮೇಲೆ. ಮೊದಲು ಜಗಳ. ಹೋಗಿ ಮೂರು ವರ್ಷವಾದವರ ಜೊತೆ ಯಾರಾದರೂ ಜಗಳಕ್ಕೆ ನಿಲ್ಲುತ್ತಾರಾ ಎಂದು ಕೇಳಬೇಡಿ. ನಾನು ನಿಲ್ಲುತ್ತೇನೆ. ಮೊನ್ನೆ ಬುಧವಾರದಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಶುಕ್ರವಾರ, ರಜೆ. ಮಸ್ಕತ್ ಹೊರವಲಯದ ಮಬೇಲಾದ ಈ ಫ್ಲ್ಯಾಟಿನಲ್ಲಿ ಬೆಳಿಗ್ಗೆಯಿಂದ ಮೂರು ಸಲ ಒಲೆ ಒರೆಸಿದ್ದೇನೆ. ನನ್ನ ಮುಖ ನೋಡಿ ನಮ್ಮವರು ಮೀನಿನ ನೆಪ ಹೇಳಿ ಸೀಬ್ ಮಾರ್ಕೆಟ್ಟಿಗೆ ತಪ್ಪಿಸಿಕೊಂಡರು. ಮಗಳು ಮಾತ್ರ ಧೈರ್ಯವಾಗಿ, "ಅಮ್ಮಾ, ಯು ಆರ್ ಟೈಪಿಂಗ್ ಆನ್ ದ ಟೇಬಲ್ ಅಗೇನ್" ಎಂದಳು. ನೋಡಿದರೆ ಹೌದು, ಹತ್ತೂ ಬೆರಳು ಊಟದ ಮೇಜಿನ ಮೇಲೆ ಅವಳ ಮಾತನ್ನೇ ಬರೆಯುತ್ತಿದ್ದವು. ಅದಕ್ಕೇ ಪೆನ್ನು ಹಿಡಿದೆ. ಕೈಗೆ ಒಂದು ಕೆಲಸ ಬೇಕಲ್ಲ.

ನಿಮ್ಮ ಮಿಷನ್ ಮುಂದೆ ಮೊದಲ ಸಲ ಕೂತ ದಿನ ನೆನಪಿದೆಯಾ? ವಿಚಾರಣೆಗಳಲ್ಲಿ ಆಡಿದ ಮಾತನ್ನೆಲ್ಲ ಆಡಿದ ಹಾಗೇ ಬರೆದುಕೊಡುವ ನಮ್ಮ ಆಫೀಸಿನಲ್ಲಿ ನಾನು ಆಗ ಫೋನ್ ಎತ್ತುವವಳು. ನೀವು ಊರಲ್ಲಿ ಟೈಪಿಂಗ್ ಕ್ಲಾಸ್ ನಡೆಸಿ ಬಂದವರು. ಆ 'ಮಾಸ್ಟ್ರು' ಎಂಬ ಹೆಸರು ನಿಮ್ಮ ಜೊತೆ ವಿಮಾನ ಹತ್ತಿ ಮಸ್ಕತ್‌ಗೂ ಬಂದಿತ್ತು. ನಮಗೆ ವೀಸಾ ಕೊಟ್ಟ ಒಮಾನಿ ಧಣಿ, ನಮ್ಮ ಕಫೀಲ್ ಕೂಡ 'ಮಾಸ್ತ್ರ, ಮಾಸ್ತ್ರ' ಎಂದೇ ಕರೆಯುತ್ತಿದ್ದರು. ಒಂದು ದಿನ ಮಧ್ಯಾಹ್ನ ನನ್ನನ್ನು ಕರೆದು ಆ ಕಪ್ಪು ಪೆಟ್ಟಿಗೆ ತೆರೆದಿರಿ. ಟೈಪ್‌ರೈಟರಿನಂತೆ ಅಕ್ಷರಕ್ಕೊಂದು ಕೀ ಇಲ್ಲ; ನಾಲ್ಕೈದು ಕೀ ಒಟ್ಟಿಗೆ ಒತ್ತಿದರೆ ಒಂದು ಇಡೀ ಶಬ್ದ. ನಾನು ಮೆಲ್ಲ ಮುಟ್ಟಿದೆ. "ಗುದ್ದು ಮಾರಾಯ್ತಿ! ಹೂ ಕಟ್ಟುವ ಹಾಗೆ ಮಾಡಿದ್ರೆ ಕಾಗದದ ಮೇಲೆ ಎಂಥ ಬೀಳ್ತದೆ?" ಎಂದಿರಿ. ಗುದ್ದಿದೆ. ಹನ್ನೆರಡು ವರ್ಷ ಗುದ್ದಿದೆ, ಮಾಸ್ಟ್ರೇ.

ಅದಾದ ಮೇಲೆ ನೀವು ಕಲಿಸಿದ ಒಂದು ಗುಟ್ಟಿನ ಪೆಟ್ಟು. ಎಡಗೈಯ ನಾಲ್ಕು ಬೆರಳು, ಬಲಗೈಯ ಹೆಬ್ಬೆರಳು, ಒಟ್ಟಿಗೆ. ಅದು ಯಾವ ಶಬ್ದವೂ ಅಲ್ಲ, ಅಲ್ಲಿ ಒಂದು ಮಾತು ಬಾಕಿ ಇದೆ ಎಂಬ ಗುರುತು. ವಿಚಾರಣೆ ಮುಗಿದ ಮೇಲೆ ನೀವು ಮನೆಯ ಲ್ಯಾಪ್‌ಟಾಪಿನಲ್ಲಿ ಪೆಟ್ಟುಗಳನ್ನೆಲ್ಲ ಶಬ್ದಕ್ಕೆ ತಿರುಗಿಸಿ ಕರಡು ಮಾಡಿ ನನಗೆ ಕೊಡುತ್ತಿದ್ದಿರಿ. ಆ ಗುರುತು ಇದ್ದಲ್ಲೆಲ್ಲ ಒಂದು ಗೆರೆ, ಖಾಲಿ ಜಾಗ. ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ವಿಚಾರಣೆಯ ಧ್ವನಿ ಹಿಡಿದ ಟೇಪ್ ಹಿಂದೆ ಮುಂದೆ ಓಡಿಸಿ ತುಂಬಿಸಬೇಕು. "ಎಂಥಕ್ಕೆ ಮಾಸ್ಟ್ರೇ ಇಷ್ಟು ಜಾಗ ಬಿಡೋದು?" ಎಂದು ಕೇಳಿದರೆ, "ನಿನಗೆ ಪರೀಕ್ಷೆ. ಎಲ್ಲ ನಾನೇ ಬರೆದು ಕೊಟ್ರೆ ನೀನು ಕಲಿಯೋದು ಯಾವಾಗ?" ಎನ್ನುತ್ತಿದ್ದಿರಿ. ನಾನು ನಂಬಿದೆ. ನಂಬಿದ್ದು ಮಾತ್ರವಲ್ಲ, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಏನಾದರೂ ತಪ್ಪಿಹೋದರೆ ಎಡಗೈಯ ನಾಲ್ಕು, ಬಲಗೈಯ ಹೆಬ್ಬೆರಳು. ಮಧ್ಯೆ ಬಾಯಿ ಹಾಕಿ ದೊಡ್ಡವರ ಮಾತು ನಿಲ್ಲಿಸುವ ರಗಳೆ ಇಲ್ಲ.

ನಾನು ಬಾಯಿ ಬಿಟ್ಟ ಆ ದಿನ… ಅದನ್ನು ಬರೆಯಲು ಎದ್ದು ನೀರು ಕುಡಿದು ಬಂದೆ. ಕೊನೆ ಕೊನೆಗೆ ಒಂದೊಂದು ಪುಟಕ್ಕೂ ಏಳೆಂಟು ಖಾಲಿ ಜಾಗ. ಮಗಳಿಗೆ ಜ್ವರ, ನನಗೆ ಮಂಡೆ ಬಿಸಿ. ಕರಡನ್ನು ನಿಮ್ಮ ಮೇಜಿನ ಮೇಲೆ ಎಸೆದು, "ಇದು ಪರೀಕ್ಷೆ ಅಲ್ಲ ಮಾಸ್ಟ್ರೇ, ಸೋಮಾರಿತನ. ಅರ್ಧ ಕೆಲಸ ನನ್ನ ತಲೆಗೆ ಕಟ್ತೀರಿ, ಹೆಸರು ಮಾತ್ರ ನಿಮ್ದು" ಎಂದೆ. ನೀವು ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ಆಮೇಲೆ ನಕ್ಕಿರಿ. ಮರುವರ್ಷ ಮಾಸ್ಕ್ ಬಂತು, ಎಲ್ಲರ ಮುಖ ಮುಚ್ಚಿತು, ತಿಂಗಳೊಳಗೆ ನೀವು "ಖಲಾಸ್, ನನಗೆ ಸಾಕು" ಎಂದು ರಾಜೀನಾಮೆ ಕೊಟ್ಟು ಮೂಲ್ಕಿಗೆ ಹೊರಟುಬಿಟ್ಟಿರಿ. ಕಾಯಿಲೆಗೆ ಹೆದರಿ ಓಡಿದರು ಎಂದು ಆಫೀಸಿನಲ್ಲಿ ಎಲ್ಲರೂ ತಮಾಷೆ ಮಾಡಿದರು. ಮಾಡಿದವರಲ್ಲಿ ನಾನೂ ಇದ್ದೆ.

ನೀವು ತೀರಿಕೊಂಡ ಸುದ್ದಿ ಬಂದಾಗ ನಾನು ವಿಚಾರಣೆಯಲ್ಲಿದ್ದೆ. ಬರಲಾಗಲಿಲ್ಲ. ಅದಕ್ಕೆ ಮೊದಲಿನ ಆರು ತಿಂಗಳು ಫೋನೂ ಕಡಿಮೆ ಮಾಡಿದ್ದೆ, ಯಾಕೆಂದರೆ ನಾನು ಒಂದು ಹೇಳಿದರೆ ನೀವು ಇನ್ನೊಂದಕ್ಕೆ "ಹ್ಞೂ, ಹ್ಞೂ, ಒಳ್ಳೆದಾಯ್ತು" ಎನ್ನುತ್ತಿದ್ದಿರಿ. ಕೈ ನೋಯುತ್ತದೆ ಎಂದರೂ ಒಳ್ಳೆದಾಯ್ತು! ಇವರಿಗೆ ನನ್ನ ಮೇಲೆ ಲಕ್ಷ್ಯವೇ ಇಲ್ಲ ಎಂದು ಸಿಟ್ಟು ಬಂದಿತ್ತು.

ಕೈ ನೋವಿನ ಕಥೆ ಈಗ ಹೇಳುತ್ತೇನೆ, ಸರಿಯಾಗಿ ಕೇಳಿಸಿಕೊಳ್ಳಿ. ಹೋದ ವರ್ಷ ಒಂದು ದಿನ ದೋಸೆ ಕಾವಲಿ ಎತ್ತಲು ಹೋದೆ, ಬಲಗೈ ಮಣಿಕಟ್ಟಿನಿಂದ ಕೆಳಗೆ ಬಲವೇ ಇಲ್ಲ. ಡಾಕ್ಟರು ಒತ್ತಿ ನೋಡಿ, ಇನ್ನು ಆ ಹಳೇ ಮಿಷನ್ ಗುದ್ದಿದರೆ ಆಪರೇಷನ್ನೇ ಗತಿ ಎಂದರು. ಆಫೀಸಿನಲ್ಲಿ ಹೇಳಲಿಲ್ಲ. ಹೇಳಿದರೆ ಕಳಿಸಿಬಿಡುತ್ತಾರೆ ಎಂಬ ಭಯ. ಅಷ್ಟರಲ್ಲಿ ಮ್ಯಾನೇಜರ್ ಹಮೀದ್ ಭಾಯಿ, ನಿಮ್ಮ ಜೊತೆ ಬ್ಯಾರಿ ಭಾಷೆಯಲ್ಲಿ ಪಟ್ಟಾಂಗ ಹೊಡೆಯುತ್ತಿದ್ದ ಉಳ್ಳಾಲದ ಅದೇ ಹಮೀದ್ ಭಾಯಿ, ಒಂದು ದಿನ ಬಾಗಿಲು ಹಾಕಿ ಕೂರಿಸಿದರು.

"ಮಾಲತಿಯಕ್ಕ, ಮೇಲಿನವರು ಹೇಳಿ ಆಯ್ತು. ಇನ್ನು ಮಾತು ಆಡುವಾಗಲೇ ಎಲ್ಲರ ಸ್ಕ್ರೀನ್ ಮೇಲೆ ಅಕ್ಷರ ಓಡಬೇಕು. ಹೊಸ ಮಿಷನ್ ತರಿಸಿ ಕೊಡ್ತೇವೆ. ಖಸಬ್ ಜೆಟ್ಟಿಯ ಕೇಸಿನಲ್ಲಿ ನೋಡುವ. ಸರಿ ಹೋಯ್ತಾ, ನೀವೇ ಇರಿ. ಇಲ್ಲದಿದ್ರೆ ಸುಮ್ಮನೆ ರೆಕಾರ್ಡರ್ ಇಟ್ಟು ಕಂಪ್ಯೂಟರಿನಿಂದಲೇ ಬರೆಸ್ತಾರಂತೆ."

"ಆಗ ನಾನು?"

ಅವರು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು. ನನ್ನ ವೀಸಾ ಇರುವುದೇ ಈ ಕೆಲಸದ ಮೇಲೆ ಎಂದು ಅವರಿಗೂ ಗೊತ್ತು. ಆದರೆ ನಿಜ ಹೇಳಲಾ? ವೀಸಾಕ್ಕಿಂತ ಹೆಚ್ಚಾಗಿ, ಈ ಕೆಲಸ ಬಿಟ್ಟರೆ ನನಗೆ ನಾನು ಯಾರು ಎಂದೇ ಗೊತ್ತಿಲ್ಲ.

ಹೊಸ ಮಿಷನ್ ಬಂದ ದಿನ ನೀವಿರಬೇಕಿತ್ತು, ನಕ್ಕುಬಿಡುತ್ತಿದ್ದಿರಿ. ಟಿಫಿನ್ ಡಬ್ಬದಷ್ಟು ಹಗುರ! ಕಾಗದದ ಸುರುಳಿ ಇಲ್ಲ, ಶಾಯಿ ಇಲ್ಲ, ಟಕ್ ಎಂಬ ಶಬ್ದವೂ ಇಲ್ಲ. ಬೆರಳು ಇಟ್ಟರೆ ಸಾಕು, ಅಕ್ಷರ ಬಿತ್ತು. ಅದೇ ಬಂತಲ್ಲ ಪೇಚು. ಗುದ್ದಿ ಗುದ್ದಿ ಅಭ್ಯಾಸವಾದ ಕೈ, ಒಂದು ಶಬ್ದಕ್ಕೆ ಎರಡು ಸಲ ಬೀಳುತ್ತಿತ್ತು. ಪಕ್ಕದ ಕೀಗೆ ಉಗುರು ತಾಗಿದರೂ ಬೇರೆಯೇ ಶಬ್ದ. ಮೊದಲ ವಾರ ಅತ್ತಿದ್ದೇನೆ. ಎರಡು ತಿಂಗಳು ಟಿವಿಯಲ್ಲಿ ಬಂದ ವಾರ್ತೆ, ಮಗಳ ಫೋನ್ ಮಾತು, ನಮ್ಮವರ ಗೊಣಗಾಟ ಎಲ್ಲವನ್ನೂ ಬರೆದು ಕೈಯನ್ನು ಮೆತ್ತಗೆ ಮಾಡಿಕೊಂಡೆ. ಒಂದು ಬೆಳಿಗ್ಗೆ ಎದ್ದಾಗ ನೋವು ಕಡಿಮೆ ಇತ್ತು. ನಿಮಗೆ ದ್ರೋಹ ಮಾಡಿದ ಹಾಗೆ ಅನಿಸಿತು, ಸುಳ್ಳೇಕೆ ಹೇಳಲಿ.

ಬಹುಶಃ ಅದಕ್ಕೇ ಆ ಎಡವಟ್ಟು ಮಾಡಿದೆ. ಕೇಸಿನ ಹಿಂದಿನ ದಿನ ಎಲ್ಲರ ಸ್ಕ್ರೀನಿಗೆ ಮಿಷನ್ ಹೊಂದಿಸಲು ಬಂದ ಟೆಕ್ನಿಶಿಯನ್, ಯಾವ ಪೆಟ್ಟು ಬಿದ್ದರೆ ಯಾವ ಶಬ್ದ ಎಂಬ ನನ್ನ ಡಿಕ್ಷನರಿ ಕೇಳಿದ. ನನ್ನದು ಕೊಟ್ಟೆ. ಜೊತೆಗೆ ನೀವು ಬಿಟ್ಟುಹೋದ ಲ್ಯಾಪ್‌ಟಾಪಿನಿಂದ ನಿಮ್ಮದನ್ನೂ ತೆಗೆದು, "ಇದನ್ನೂ ಸೇರಿಸು, ಇದೇ ಮೇಲಿರಲಿ, ಎರಡರಲ್ಲೂ ಬೇರೆ ಬೇರೆ ಇದ್ದರೆ ಇದರಲ್ಲಿದ್ದದ್ದೇ ಬರಲಿ" ಎಂದೆ. ಒಮಾನಿನ ಊರುಗಳ ಹೆಸರು, ಜನರ ಹೆಸರು, ಎಲ್ಲಕ್ಕೂ ನೀವು ಒಂದೊಂದು ಪೆಟ್ಟು ಮಾಡಿಟ್ಟಿದ್ದಿರಿ. ಸಾವಿರಾರು ಶಬ್ದ, ಯಾರು ಒಂದೊಂದಾಗಿ ನೋಡುತ್ತಾರೆ? ನಿಮ್ಮದಲ್ಲವಾ ಎಂಬ ಧೈರ್ಯ.

ಬುಧವಾರ, ಮಸ್ಕತ್‌ನ ಒಂದು ಹೋಟೆಲಿನ ಹಾಲ್. ಅದೇ ಖಸಬ್ ಬಂದರಿನ ಜೆಟ್ಟಿ ಕಟ್ಟಿದ ಬಗ್ಗೆ ಎರಡು ಕಂಪನಿಗಳ ಜಗಳ, ತೀರ್ಪು ಕೊಡಲು ಮೂವರು ಮಧ್ಯಸ್ಥರು, ನಡುವೆ ಬಿಳಿ ಕೂದಲಿನ ಅಧ್ಯಕ್ಷೆ. ಬೆಳಿಗ್ಗೆಯೆಲ್ಲ ಅಕ್ಷರಗಳು ಸ್ಕ್ರೀನ್ ಮೇಲೆ ನೀರಿನ ಹಾಗೆ ಓಡಿದವು. ಹಿಂದಿನ ಸಾಲಿನಿಂದ ಹಮೀದ್ ಭಾಯಿ ಹೆಬ್ಬೆರಳು ತೋರಿಸಿದರು. ಚಹಾ ಆದ ಮೇಲೆ ಸಾಕ್ಷಿ ಹೇಳುತ್ತಿದ್ದ ಇಂಜಿನಿಯರ್ ಎದ್ದು, ಗೋಡೆಯ ನಕ್ಷೆಯ ಕಡೆ ತಿರುಗಿ, ಬಿರುಕು ಬಿಟ್ಟ ಕಂಬಗಳು ಎಷ್ಟು ಎಂದು ಏನೋ ಹೇಳಿದರು. ಅದೇ ಹೊತ್ತಿಗೆ ವಕೀಲರು ಮಧ್ಯೆ ಬಾಯಿ ಹಾಕಿದರು. ನನಗೆ ಸಿಗಲಿಲ್ಲ. ಕೈ ತನ್ನಷ್ಟಕ್ಕೆ ಹೋಯಿತು: ಎಡಗೈಯ ನಾಲ್ಕು, ಬಲಗೈಯ ಹೆಬ್ಬೆರಳು.

ನನ್ನ ಡಿಕ್ಷನರಿಯಲ್ಲಿ ಅದಕ್ಕೆ ಬರೀ ಒಂದು ಗೆರೆ. ಆದರೆ ಮೇಲಿದ್ದದ್ದು ನಿಮ್ಮದು. ಅಷ್ಟೂ ಜನರ ಎದುರಿನ ಸ್ಕ್ರೀನ್ ಮೇಲೆ, ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದ ಮಾತು ಮೂಡಿತು:

ಮಾಲತಿ, ನನಗೆ ಕೇಳಿಸಲಿಲ್ಲ.

ಮಾಸ್ಟ್ರೇ… ಆ ಕ್ಷಣ ನನಗೆ ಹಾಲ್ ಕಾಣಲಿಲ್ಲ, ನೀವೇ ಕಂಡಿರಿ. ಸಾಕ್ಷಿ ಹೇಳುವವರು ಕಪ್ ಬಾಯಿಗೆ ಹಿಡಿದರೆ ನೀವು "ಚಹಾ ಕೆಳಗಿಡಿ" ಎಂದು ಗದರುತ್ತಿದ್ದದ್ದು. ಗಡ್ಡ ಮೀಸೆ ದಟ್ಟವಾಗಿದ್ದವರನ್ನು ಕಂಡರೆ ನಿಮ್ಮ ಮುಖ ಸಣ್ಣದಾಗುತ್ತಿದ್ದದ್ದು. ಮಾಸ್ಕ್ ಬಂದ ತಿಂಗಳೇ ಹೊರಟದ್ದು. ನಾನು ನಿಮಗೆ ಸೋಮಾರಿ ಎಂದಾಗ ಮಾತು ಓದಲು ನನ್ನ ತುಟಿ ನೋಡುತ್ತಿದ್ದದ್ದು. ಫೋನಿನ ಆ ಹ್ಞೂ ಹ್ಞೂ. ಎಷ್ಟು ವರ್ಷದಿಂದ? ಮನೆಯಲ್ಲಿ ಕರಡು ತೆರೆದಾಗಲೆಲ್ಲ ಪುಟಪುಟದಲ್ಲೂ ನನ್ನ ಹೆಸರು ಹಿಡಿದು ಇದನ್ನೇ ಹೇಳಿದ್ದಿರಿ. ಮತ್ತೆ ಕೂತು ಒಂದೊಂದನ್ನೂ ಅಳಿಸಿ, ಗೆರೆ ಎಳೆದು, ಪರೀಕ್ಷೆ ಎಂದು ನನ್ನ ಕೈಗೆ ಕೊಟ್ಟಿರಿ. ನಾನಾದರೂ ಏನು ಮಾಡಿದೆ? ಎಸೆದೆ.

"ಇದು ಯಾವ ಭಾಷೆ? ಯಂತ್ರದ ದೋಷವಾ?" ಎಂದು ಅಧ್ಯಕ್ಷೆ ಕೇಳಿದರು. ಹೌದು ಎಂದರೆ ಮಿಷನ್ ಕೆಟ್ಟದ್ದಾಗುತ್ತದೆ, ಅಲ್ಲ ಎಂದರೆ ನಾನು ಕೆಟ್ಟವಳಾಗುತ್ತೇನೆ. ಎರಡರಲ್ಲೂ ರೆಕಾರ್ಡರೇ ಗೆಲ್ಲುವುದು. ಹಮೀದ್ ಭಾಯಿ ಹೌದು ಎನ್ನಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಎದ್ದು ನಿಂತೆ.

"ಯಂತ್ರ ಸರಿಯಿದೆ ಮೇಡಂ. ಇದು ನಮ್ಮ ಊರಿನ ಮಾತು. ನನಗೆ ಕೇಳಿಸಲಿಲ್ಲ ಎಂದು ಅರ್ಥ. ನಿಜವಾಗಿಯೂ ಕೇಳಿಸಲಿಲ್ಲ. ಅವರು ಗೋಡೆಯ ಕಡೆ ತಿರುಗಿದ್ದರು. ದಯವಿಟ್ಟು ಇನ್ನೊಮ್ಮೆ ಹೇಳಿಸಬೇಕು."

ಅಧ್ಯಕ್ಷೆ ಪಕ್ಕದವರನ್ನು ನೋಡಿ, "ನಿಮಗೆ ಕೇಳಿಸಿತಾ?" ಎಂದರು. ಅವರು ತಲೆಯಾಡಿಸಿದರು, ಇಲ್ಲ. ಇನ್ನೊಬ್ಬರಿಗೂ ಇಲ್ಲ. ಗೊತ್ತಾಯಿತಾ ಮಾಸ್ಟ್ರೇ? ಯಾರಿಗೂ ಕೇಳಿಸಿರಲಿಲ್ಲ! ಎಲ್ಲರೂ ಸ್ಕ್ರೀನ್ ಮೇಲೆ ಬರುತ್ತದೆ ಎಂದು ಸುಮ್ಮನೆ ಕೂತಿದ್ದರು. ಇಂಜಿನಿಯರ್ ಸಾರಿ ಕೇಳಿ, ನಮ್ಮ ಕಡೆ ತಿರುಗಿ, ಹನ್ನೊಂದು ಕಂಬ ಎಂದರು. ಬರೆದೆ. ಅಧ್ಯಕ್ಷೆ, "ಕೇಳಿಸದಿದ್ದರೆ ಯಾವಾಗ ಬೇಕಾದರೂ ಕೈ ಎತ್ತಿ, ರೆಕಾರ್ಡರ್ ಹಾಗೆ ಕೈ ಎತ್ತುವುದಿಲ್ಲ" ಎಂದು ನಕ್ಕರು. ಅವರಿಗೆ ಅದು ಸಣ್ಣ ಮಾತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತು ಬಂದೆ.

ಹೊರಗೆ ಹಮೀದ್ ಭಾಯಿ ನಿಂತಿದ್ದರು. ಹಾಲಿನಲ್ಲಿ ಕನ್ನಡ ಓದಿ ಅರ್ಥವಾದದ್ದು ನಮಗಿಬ್ಬರಿಗೇ ಅಲ್ಲವಾ. "ಮಾಸ್ಟ್ರಿಗೆ ಕೇಳ್ತಾ ಇರ್ಲಿಲ್ವಾ ಮಾಲತಿಯಕ್ಕ? ದಿನಾ ಒಟ್ಟಿಗೆ ಚಹಾ ಕುಡಿದದ್ದು ನಾನು. ಒಂದು ಮಾತು ಹೇಳ್ಲಿಲ್ಲ ಪುಣ್ಯಾತ್ಮ" ಎಂದರು. ನಾನೂ ಸುಮ್ಮನಿರಲಾರದೆ, ನನ್ನ ಕೈಯ ಕಥೆಯನ್ನೂ ಅಲ್ಲೇ ಹೇಳಿಬಿಟ್ಟೆ, ಡಾಕ್ಟರು ಹೇಳಿದ್ದೂ ಸೇರಿ. ಅವರು ತಲೆ ಚಚ್ಚಿಕೊಂಡು, "ನಿಮ್ಮ ಗುರುವಿಗೆ ತಕ್ಕ ಶಿಷ್ಯೆ" ಎಂದು ಬೈದರು. ಆ ಸಾಲನ್ನು ಸಂಜೆಯೇ ಡಿಕ್ಷನರಿಯಿಂದ ತೆಗೆದೆ. ಕ್ಷಮಿಸಿ. ಇನ್ನು ನನಗೆ ಆ ಗುರುತು ಬೇಡ, ಕೈ ಎತ್ತುವುದು ರೂಢಿಯಾಗಲಿ.

ನಿನ್ನೆ ಗುರುವಾರ ಕೇಸು ಮುಗಿಯಿತು. ಕೆಲಸ ಉಳಿಯಿತು ಮಾಸ್ಟ್ರೇ, ಹೊಸ ಮಿಷನ್ ನನ್ನದೇ ಆಯಿತು, ಕಾಗದಕ್ಕೆ ಸಹಿಯೂ ಬಿತ್ತು. ಗಂಟೆಗೊಮ್ಮೆ ಕೈಗೆ ಹತ್ತು ನಿಮಿಷ ವಿರಾಮ ಬೇಕು ಎಂದೆ, ಕೊಟ್ಟರು. ಗೆದ್ದೆ ಎಂದು ಕುಣಿಯಬೇಕಿತ್ತು. ಆದರೆ ನೆಮ್ಮದಿ ಇಲ್ಲದೆ ಬೆಳಿಗ್ಗೆಯಿಂದ ಒಲೆ ಒರೆಸುತ್ತಿರುವುದು ಯಾಕೆ ಎಂದರೆ, ನಿನ್ನೆ ಬೆಳಿಗ್ಗೆ ನಾನು ಹಾಲಿಗೆ ಹೋಗುವಷ್ಟರಲ್ಲಿ ಯಾರೋ ನನ್ನ ಕುರ್ಚಿ ಎಳೆದು ಸಾಕ್ಷಿಯ ಎದುರಿಗೇ ಹಾಕಿಟ್ಟಿದ್ದರು. ಎರಡೇ ಎರಡು ಹೆಜ್ಜೆ ಹತ್ತಿರ. ಒಂದೊಂದು ಉಸಿರೂ ಕೇಳಿಸುತ್ತಿತ್ತು. ಇಷ್ಟೇನಾ ಬೇಕಾಗಿದ್ದದ್ದು? ಎರಡು ಹೆಜ್ಜೆಗಾಗಿ ನೀವು ಅಷ್ಟು ವರ್ಷ ಒಬ್ಬರೇ… ಯಾರಿಗೂ ಬೇಡ, ನನಗೊಬ್ಬಳಿಗೆ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು, ಮಾಸ್ಟ್ರೇ. ನಿಮ್ಮ ಕುರ್ಚಿ ನಾನೇ ಎಳೆದು ಹಾಕುತ್ತಿದ್ದೆ.

ನಿಮ್ಮ,
ಮಾಲತಿ