ನಾರು ಸುತ್ತಿದ ಸ್ಕ್ರೂ

ಶಂಕರಪುರ

ಕೋವಿ ರಿಪೇರಿಯ ದೇವದಾಸ ಆಚಾರ್ಯರಿಗೆ ನಮಸ್ಕಾರ.

ತೀರಿಹೋದ ನಮ್ಮವರ ರೈಫಲ್ ಈಗ ಮಗಳು ರೇಚಲ್ ಹೆಸರಿಗೆ ಆಗಿದೆ. ನಳಿಗೆಯನ್ನು ಮರದ ಹಿಡಿಗೆ ಬಿಗಿಯುವ ಎರಡು ಸ್ಕ್ರೂ ಅಂಗಡಿಯಲ್ಲಿ ಸಿಗಲಿಲ್ಲ. ನೀವೇ ಹೊಸದಾಗಿ ಮಾಡಿಕೊಡಿ.

ಹಳೆಯ ಎರಡರಲ್ಲಿ ಹಿಂಬದಿಯ ಸ್ಕ್ರೂವಿಗೆ ಬಾಳೆನಾರು ಸುತ್ತಿರುವುದನ್ನು ಕಂಡು ನಗಬೇಡಿ. ಅದು ಸಡಿಲಾದಾಗಲೆಲ್ಲ ಅವರು ನಾನು ಮಲ್ಲಿಗೆ ಕಟ್ಟುವಲ್ಲಿಗೆ ಬಂದು, "ಒಂದು ನಾರು ಉಂಟಾ ಮಾರಾಯ್ತಿ? ನೀನೇ ಸುತ್ತಿ ಕೊಡು, ನನಗೆ ಗಂಟು ಬರುವುದಿಲ್ಲ" ಎನ್ನುತ್ತಿದ್ದರು. ದಿನಾ ದನ ಕಟ್ಟುವವರಿಗೆ ಗಂಟು ಬಾರದೇ? ನಾನೂ ನಂಬಿದವಳ ಹಾಗೆ ಸುತ್ತಿ ಕೊಡುತ್ತಿದ್ದೆ.

ಹೊಸ ಸ್ಕ್ರೂ ಬಿಗಿಯಾಗಿಯೇ ಇರಲಿ. ನಾರು ಸುತ್ತಿದ ಹಳೆಯದನ್ನು ಕೋವಿ ತರುವ ರೇಚಲ್ ಕೈಯಲ್ಲೇ ವಾಪಸು ಕಳುಹಿಸಿ. ಅಳತೆಯನ್ನು ಕೋವಿಯ ತೂತಿನಿಂದ ತೆಗೆಯಿರಿ, ನಾರು ಬಿಚ್ಚಬೇಡಿ. ಅದು ಅವರಿಗೆ ನಾನು ಹಾಕಿಕೊಟ್ಟ ಕೊನೆಯ ಗಂಟು.

ಬರ್ತಾ