ಸೂತಕದ ದೀಪ

ಜನವರಿ 6, ಮಂಗಳವಾರ
ಪೂಜೆ ಮುಗಿದ ಮೇಲೂ ದೀಪಕ್ಕೆ ಇನ್ನಷ್ಟು ಎಣ್ಣೆ ಹಾಕಿಟ್ಟೆ. ಪುಟ್ಟಿ ಫೋನ್ ಮಾಡುವವರೆಗೆ ಆರಬಾರದು. ನಮಗೆ ಅಡುಗೆ ಮುಗಿಯೋ ಹೊತ್ತಿಗೆ ಅವಳಿಗೆ ಬೆಳಗು. ಒಂದು ಸೆಮಿಸ್ಟರ್ ಅಂತ ಯುರೋಪಿಗೆ ಹೋದಾಗಿನಿಂದ ಇದೇ ರೂಢಿ — ವಿಡಿಯೋದಲ್ಲಿ ದೇವರ ಗೂಡು ತೋರಿಸಬೇಕು, ದೀಪಕ್ಕೆ ಕೈಮುಗಿದು ಕ್ಲಾಸಿಗೆ ಹೊರಡುತ್ತಾಳೆ. ಅವಳ ಹಾಸ್ಟೆಲಿನಲ್ಲಿ ದೀಪ ಹಚ್ಚುವ ಹಾಗಿಲ್ಲ. ಊದುಬತ್ತಿ ಹೊಗೆಗೂ ಕಟ್ಟಡವೆಲ್ಲ ಗಂಟೆ ಹೊಡೆದುಕೊಳ್ಳುತ್ತದಂತೆ.
ಆಮೇಲೆ ಫೋನ್ ಅತ್ತೆಯ ಕೈಗೆ. ವಿಡಿಯೋ ಆದರೂ ಅವರು ಕಿವಿಗೇ ಒತ್ತಿಕೊಳ್ಳೋದು.
"ಅಜ್ಜೀ, ಮತ್ತೆ ಬರೀ ಕಿವಿ ಕಾಣ್ತಿದೆ."
"ಮುಖ ಹುಟ್ಟಿದಾಗಿಂದ ನೋಡಿದೀಯ. ಇವತ್ತು ಕಿವಿ ನೋಡ್ಕೋ."
ಹಳೇ ಕಟ್ಟಡ ಉಳಿಸೋ ಓದಂತೆ ಅವಳದು. "ಅಷ್ಟು ದೂರ ಯಾಕೆ ಹೋದೆ, ನಮ್ಮ ಬಚ್ಚಲ ಗೋಡೆ ಇರಲಿಲ್ವಾ" ಅಂದರು ಅತ್ತೆ. ಅಲ್ಲಿ ನಗು, ಇಲ್ಲಿ ನಗು.
ಹೋದ ಹೊಸತರಲ್ಲಿ ಏನು ಅಳು. ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಯಾರೂ ಮಾತಾಡಿಸಲ್ಲ, ವಾಪಸ್ ಬರ್ತೀನಿ ಅಂತ ಪೆಟ್ಟಿಗೆ ಕಟ್ಟಿದ್ದಳು. ಇವರು ಬಾ ಅಂದುಬಿಟ್ಟಿದ್ದರು. ಅತ್ತೆಯೇ ಗದರಿದ್ದು — "ಪರೀಕ್ಷೆ ಬರೀದೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ ನೋಡು."

ಜನವರಿ 10
ಅತ್ತೆ ಏಳಲಿಲ್ಲ.
ಕಾಫಿ ತಗೊಂಡು ಹೋಗಿ ಕರೆದೆ. ಕೈ ಮುಟ್ಟಿದೆ. ತಣ್ಣಗಿತ್ತು.

ಅದೇ ದಿನ, ಸಂಜೆ
ಎಲ್ಲಾ ಆಯಿತು. ನಾದಿನಿ ಬಂದಿದ್ದಾಳೆ. ಪುಟ್ಟಿಗೆ ಫೋನ್ ಮಾಡೋಣ ಅಂತ ಹೋದರೆ ಇವರು ಕೈಯಿಂದ ಫೋನ್ ಕಿತ್ತುಕೊಂಡರು. "ಬುಧವಾರದಿಂದ ಪರೀಕ್ಷೆ. ಹೇಳಿದ್ರೆ ನಾಳೇನೇ ವಿಮಾನ ಹತ್ತುತ್ತಾಳೆ. ಅಮ್ಮ ಅವಳನ್ನ ಗದರಿ ಉಳಿಸಿದ್ದು ಇದಕ್ಕಾ?"
ಪರೀಕ್ಷೆ ತಪ್ಪಿದರೆ ಇಲ್ಲಿಯ ಕಾಲೇಜಲ್ಲೂ ವರ್ಷ ಹೋಗುತ್ತೆ. ಅದು ನಿಜ. ಅವಳು ಬೆಳೆದದ್ದು ಅಜ್ಜಿಯ ಮಡಿಲಲ್ಲಿ, ನಾನು ಹೊಲಿಗೆ ಅಂತ ಮಿಷನ್ ಮುಂದೆ ಕೂತಿದ್ದೆ. ಅದೂ ನಿಜ.
ಒಪ್ಪಿದೆ. ಭಗವಂತ, ಮೊದಲ ಸಲ ಮಗಳಿಗೆ ಸುಳ್ಳು ಹೇಳಬೇಕು.

ಜನವರಿ 11
ಸುಳ್ಳಿಗಿಂತ ದೀಪ ದೊಡ್ಡ ಕಷ್ಟವಾಯಿತು. ಸೂತಕದ ಮನೆ, ಹತ್ತು ದಿನ ದೇವರ ಗೂಡಿಗೆ ಪರದೆ. ದೀಪ ಕಾಣದಿದ್ದರೆ ಅವಳಿಗೆ ಹೇಳುವುದೇ ಬೇಡ, ತಾನೇ ತಿಳಿದುಕೊಳ್ಳುತ್ತಾಳೆ. ಪುರೋಹಿತರನ್ನು ಕೇಳಿದೆ. "ಸುದ್ದಿ ಕಿವಿಗೆ ಬೀಳೋವರೆಗೂ ಮಗೂಗೆ ಸೂತಕ ಇಲ್ಲಮ್ಮ. ನೀವು ಮಾತ್ರ ಹಚ್ಚಬೇಡಿ. ಹೊರಗಿನವರು ಬೇಕಾದ್ರೆ ಹಚ್ಚಲಿ."
ಎದುರುಮನೆಯವಳು ಬಂದು ಹಚ್ಚಿಕೊಟ್ಟಳು, ಪುಣ್ಯಾತ್ಮಳು. ದೂರ ನಿಂತು ತೋರಿಸಿದೆ.
"ಅಜ್ಜಿ ಎಲ್ಲಿ?"
"ನಿನ್ನ ಅತ್ತೆ ಬಂದು ಕರ್ಕೊಂಡು ಹೋದಳು. ನಾಲ್ಕು ದಿನ ಇದ್ದು ಬರ್ತಾರೆ."
ನಾದಿನಿ ಪಕ್ಕದಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು.

ಜನವರಿ 13
ಇವರು ಟೋಪಿ ಹಾಕಿಕೊಂಡು ಮಾತಾಡಿದರು. ತಲೆ ಬೋಳಿಸಿದ್ದು ಕಾಣಬಾರದಲ್ಲ.
"ಚಳಿ ನನಗಾ ನಿನಗಾ ಅಪ್ಪಾ?"
"ಶೀತ ಕಣಮ್ಮ."
"ಟೋಪಿ ಹಾಕ್ಕೊಂಡ್ರೆ ಸ್ಕೂಲ್ ಬಸ್ ಡ್ರೈವರ್ ಥರ ಅಲ್ಲ, ಬಸ್ ಕದ್ದೋನ ಥರ ಕಾಣ್ತೀಯ."
ನಕ್ಕರು. ಫೋನ್ ಇಟ್ಟ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ತುಂಬಾ ಹೊತ್ತು.

ಜನವರಿ 14
ಮೊದಲ ಪರೀಕ್ಷೆ. ಎದುರುಮನೆ ಬೀಗ — ಮಗುವಿಗೆ ಜ್ವರ, ಆಸ್ಪತ್ರೆಗೆ ಹೋಗಿದ್ದಾರೆ. ಪಕ್ಕದಲ್ಲೂ ಯಾರಿಲ್ಲ. ಫೋನ್ ಬಡಿಯುತ್ತಲೇ ಇತ್ತು. ಎರಡನೇ ಸಲಕ್ಕೆ ಪರದೆ ಸರಿಸಿ ನಾನೇ ಹಚ್ಚಿದೆ.
ಕೈ ನಡುಗಲಿಲ್ಲ. ಅದೇ ಹೆದರಿಕೆ.
ಇವತ್ತು ದೀಪವನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿದಳು. ನಾನೇ "ಹೊತ್ತಾಯ್ತು, ಹೊರಡು" ಅಂದೆ. ತಪ್ಪು ನನ್ನದು, ಅವಳ ಪೇಪರಿಗೆ ತಾಗಿಸಬೇಡ ಸ್ವಾಮಿ.

ಜನವರಿ 17
ಈಗ ದಿನಾ ನಾನೇ ಹಚ್ಚುತ್ತೇನೆ. ಎದುರುಮನೆಯವಳನ್ನು ಕರೆಯೋದು ಬಿಟ್ಟೆ. ಒಂದು ಸಲ ಕೆಟ್ಟ ಕೈ ತಾನೇ.
"ಅಜ್ಜಿ ಇನ್ನೂ ಬಂದಿಲ್ವಾ?"
"ಇಲ್ಲ."
"ಅತ್ತೆ ನಂಬರಿಗೆ ಮಾಡ್ಲಾ?"
"ಆ ಮನೇಲಿ ನೆಟ್‌ವರ್ಕ್ ಸಿಗಲ್ಲ. ಓದ್ಕೋ."
ನನಗೆ ಇಷ್ಟು ಸಲೀಸಾಗಿ ಬರುತ್ತೆ ಅಂತ ಗೊತ್ತಿರಲಿಲ್ಲ.

ಜನವರಿ 20
ವೈಕುಂಠ ಸಮಾರಾಧನೆ ಮುಗಿಯಿತು. ಮನೆ ತೊಳೆದೆ. ಇವತ್ತು ಹಚ್ಚಿದ್ದು ನಿಜವಾದ ದೀಪ. ಅದರ ಮುಂದೆ ನಿಲ್ಲೋಕೆ ಆಗಲಿಲ್ಲ.

ಜನವರಿ 22, ಗುರುವಾರ
ಕೊನೇ ಪರೀಕ್ಷೆ. ನಾನು ಹೇಳ್ತೀನಿ ಅಂದಿದ್ದ ಇವರು, ಫೋನ್ ಬಂದ ಕೂಡಲೇ "ಬಸ್ ತೊಳೀಬೇಕು" ಅಂತ ಎದ್ದು ಹೋದರು.
ರಸ್ತೆಯಲ್ಲಿ ನಿಂತು ಮಾತಾಡುತ್ತಿದ್ದಳು. ಹಿಂದೆ ಟ್ರಾಮ್ ಸದ್ದು, ಮೂಗು ಕೆಂಪಗಾಗಿತ್ತು. "ಚೆನ್ನಾಗಿ ಬರೆದೆ ಅಮ್ಮಾ! ಅಜ್ಜೀಗೆ ಕೊಡು, ಕಿವಿಗಾದ್ರೂ ಹೇಳ್ತೀನಿ."
ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ.
ಅಳಲಿಲ್ಲ. "ಯಾವತ್ತು?" ಅಂದಳು.
ಹತ್ತನೇ ತಾರೀಕು ಅಂದೆ.
ಮತ್ತೆರಡು ಟ್ರಾಮ್ ಹೋದವು.
"ಅಪ್ಪನ ಟೋಪಿ ನೋಡಿದಾಗಲೇ ಅನುಮಾನ ಬಂತು. ಅಜ್ಜಿ ಬೇರೆ ಇಲ್ಲ. ಅವತ್ತು ರಾತ್ರಿ ಟಿಕೆಟ್ ಕೂಡ ನೋಡಿಟ್ಟಿದ್ದೆ. ಬೆಳಗ್ಗೆ ನೀನು ದೀಪ ತೋರಿಸಿದೆ. ನಮ್ಮಮ್ಮ ಏನು ಬೇಕಾದ್ರೂ ಮುಚ್ಚಿಡಬಹುದು, ಸೂತಕದಲ್ಲಿ ಮಾತ್ರ ದೀಪ ಹಚ್ಚೋಳಲ್ಲ — ಅಂದ್ಕೊಂಡು ಸಮಾಧಾನವಾಗಿ ಪರೀಕ್ಷೆಗೆ ಹೋದೆ."
"ಪುಟ್ಟೀ, ನಿನಗೋಸ್ಕರ..."
"ನಾಳೆ ನಿನಗೇನಾದ್ರೂ ಆದ್ರೆ ಅಪ್ಪ ಏನು ತೋರಿಸ್ತಾರೆ?"
ಇಟ್ಟುಬಿಟ್ಟಳು.

ಜನವರಿ 29
ಫೋನ್ ಇಲ್ಲ. ನಾನು ಮಾಡಿದರೆ ಎತ್ತಲ್ಲ. "ಪ್ರಾಜೆಕ್ಟ್ ಇದೆ" ಅಂತ ಇವರಿಗೆ ಒಂದು ಮೆಸೇಜ್.
ಸುದ್ದಿ ಕೇಳಿದ ಮೈಲಿಗೆಗೆ ಅಲ್ಲಿ ತಣ್ಣೀರು ತಲೆಗೆ ಸುರಿದುಕೊಂಡಳೋ ಏನೋ. ಒಬ್ಬಳೇ ಅತ್ತಳೋ. ನಾವಿಲ್ಲಿ ಮೂರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಅತ್ತೆವು. ಅವಳ ಪಾಲಿನ ಅಳು ನಾವೇ ಕಿತ್ತುಕೊಂಡೆವು.
"ಪಾಸಾಗ್ತಾಳೆ, ಆಮೇಲೆ ಅರ್ಥ ಆಗುತ್ತೆ ಬಿಡು" ಅಂತಾರೆ ಇವರು. ಅನ್ನ ಕಲಸಿ ಹಾಗೇ ಏಳುತ್ತಾರೆ.

ಫೆಬ್ರವರಿ 5
ಪುಟ್ಟಿ ಫೋನ್ ಮಾಡಿದಳು. ದೇವರ ಗೂಡಿನ ಕಡೆ ಫೋನ್ ತಿರುಗಿಸಿದೆ. "ಅದು ಬೇಡ. ಅಪ್ಪನ್ನ ತೋರಿಸು."
ತೋರಿಸಿದೆ.
"ಮಾತಾಡ್ಸು. ಇವತ್ತಿನ ಪೇಪರ್ ಹಿಡ್ಕೊಳಕ್ಕೆ ಹೇಳು."
ಹಿಡಿದರು. ತಾರೀಕು ಓದಿಕೊಂಡಳು. ಸರಿ ಅಂದು ಇಟ್ಟಳು.
ಇವರು ಪೇಪರ್ ಮಡಿಸುತ್ತಾ ಮಡಿಸುತ್ತಾ ಇದ್ದರು.

ಫೆಬ್ರವರಿ 9
ಈಗ ಸಂಜೆಯೂ ಮಾಡುತ್ತಾಳೆ. ಊಟ ಮಾಡಿದೆಯಾ ಅಂದರೆ ಹೂಂ. ಅಲ್ಲಿ ಹಿಮ ನಿಂತಿತಾ ಅಂದರೆ ಹೂಂ. ನಾನು, ಇವರು, ಇಬ್ಬರನ್ನೂ ಕಣ್ಣಲ್ಲಿ ಕಂಡರೆ ಮುಗಿಯಿತು. ತಿಂಗಳ ಕೊನೆಗೆ ಬರುತ್ತಾಳೆ. ಬಂದಮೇಲೂ ಹೀಗೇ ನೋಡುತ್ತಾಳಾ?
ಪ್ರಾಯಶ್ಚಿತ್ತ ಏನು ಅಂತ ಪುರೋಹಿತರನ್ನು ಕೇಳಿದೆ. ದೀಪದ ತಪ್ಪಿಗೆ ಹೇಳಿದರು. ಇನ್ನೊಂದಕ್ಕೆ ಅವರ ಹತ್ತಿರವೂ ಇಲ್ಲ.

ಫೆಬ್ರವರಿ 12, ಸಂಜೆ
ಇವರ ಬಸ್ ಇನ್ನೂ ಬಂದಿಲ್ಲ. ಮಕ್ಕಳನ್ನೆಲ್ಲ ಇಳಿಸಿ ಈ ಹೊತ್ತಿಗೆ ಮನೆಯಲ್ಲಿರಬೇಕಿತ್ತು. ಅವರ ಫೋನ್ ಆಫ್. ಸ್ಕೂಲಿಗೆ ಮಾಡಿದೆ — ಸೇತುವೆ ಹತ್ತಿರ ಟ್ರಾಫಿಕ್ ನಿಂತಿದೆ, ಬರ್ತಾರೆ ಅಂದರು ಆಫೀಸಿನವರು. ಅಷ್ಟೇ. ನಿಜವಾಗಲೂ ಅಷ್ಟೇ ಇರಬೇಕು.
ಪುಟ್ಟಿ ಫೋನ್ ಬರುತ್ತಿದೆ. ನಿಂತಿತು. ಮತ್ತೆ ಬರುತ್ತಿದೆ.
ಮಾಸಿಕಕ್ಕೆ ಅಂತ ಬಂದಿರುವ ನಾದಿನಿ ಅಂತಾಳೆ, "ಮಲಗಿದ್ದಾರೆ ಅಂತ ಹೇಳು ಅತ್ತಿಗೆ, ಒಂದರ್ಧ ಗಂಟೆ ತಾನೇ, ಮಗು ಯಾಕೆ ಸುಮ್ಮನೆ ಗಾಬರಿ ಆಗಬೇಕು."
ಬೇಡ. ಬಂದಿಲ್ಲ ಅಂತಲೇ ಹೇಳುತ್ತೇನೆ. ನನಗೂ ಹೆದರಿಕೆಯಾಗಿದೆ, ಇಟ್ಟುಬಿಡಬೇಡ, ಅಪ್ಪ ಬರೋವರೆಗೂ ನನ್ನ ಜೊತೆ ಫೋನಲ್ಲೇ ಇರು ಅನ್ನುತ್ತೇನೆ. ಎತ್ತುತ್ತಿದ್ದೇನೆ.